ಎಷ್ಟು ಸೈಕಲ್ ಆಗಿದೆ?

2025ರ ನವೆಂಬರ್‌ನಲ್ಲಿ ಕೋಲ್ಕತ್ತಾದಿಂದ ಬೆಂಗಳೂರಿಗೆ ಒಂದು ವಿಮಾನ ರಸ್ತೆಯಲ್ಲಿ ಹೊರಟಿತು. ಹೌದು, ರಸ್ತೆಯಲ್ಲೇ. ಸುಮಾರು 1,900 ಕಿಲೋಮೀಟರ್ ದಾರಿ. ಬೋಯಿಂಗ್ 737-200, ನೋಂದಣಿ ಸಂಖ್ಯೆ ವಿಟಿ-ಇಎಚ್‌ಎಚ್. ರೆಕ್ಕೆಯ ತುದಿಯಿಂದ ತುದಿಗೆ 28 ಮೀಟರ್ ದಾಟುತ್ತದೆ. ಅದನ್ನು ಹಾಗೇ ಇಟ್ಟುಕೊಂಡು ನಮ್ಮ ಟೋಲ್ ಗೇಟ್ ದಾಟೋದಂತೂ ಆಗದ ಮಾತು.

ಆದರೆ ಅದು ಸುದ್ದಿಯಾಗಿದ್ದು ರಸ್ತೆಗೆ ಇಳಿದಿದ್ದಕ್ಕಲ್ಲ. ಅಂಥದ್ದೊಂದು ವಿಮಾನ ತನ್ನ ಬಳಿ ಇದೆ ಅನ್ನೋದೇ ಏರ್ ಇಂಡಿಯಾಗೆ ಗೊತ್ತಿರಲಿಲ್ಲ! 1982ರಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಬಂದ ವಿಮಾನ ಅದು. ಆಮೇಲೆ ಅಲಯನ್ಸ್ ಏರ್‌ಗೆ ಹೋಯಿತು, ವಾಪಸ್ ಬಂತು, ಸರಕು ವಿಮಾನವಾಯಿತು, ಅಂಚೆ ಇಲಾಖೆಯ ಮೂಟೆ ಹೊತ್ತಿತು. 2012ರಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ ನಿಂತದ್ದು ಮತ್ತೆ ಏಳಲೇ ಇಲ್ಲ. ಸಂಸ್ಥೆಗಳು ವಿಲೀನವಾದವು, ಯಜಮಾನರು ಬದಲಾದರು. ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಹೋಗುವಾಗ ಎಲ್ಲೋ ಇದರ ಹೆಸರು ಬಿಟ್ಟುಹೋಯಿತು. 13 ವರ್ಷ ಮಳೆ, ಬಿಸಿಲು ತಿನ್ನುತ್ತಾ ನಿಂತಿತ್ತು. ನಿಲ್ದಾಣದವರು ನಿಮ್ಮ ಸಾಮಾನು ತೆಗೀರಿ ಅಂದಾಗಲೇ ಎಚ್ಚರ. ಪಾರ್ಕಿಂಗ್ ಬಾಡಿಗೆಯೇ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ ಆಗಿತ್ತಂತೆ.

ನನ್ನ ಬಾಮೈದ ವಿಮಾನ ರಿಪೇರಿಯ ಹ್ಯಾಂಗರ್‌ನಲ್ಲಿ ಎಂಜಿನಿಯರ್. ಸುದ್ದಿಯನ್ನು ಅವನಿಗೆ ವಾಟ್ಸಾಪ್ ಮಾಡಿ, ನಗೋ ಮುಖವನ್ನೂ ಅಂಟಿಸಿದೆ. ಅವನ ಉತ್ತರ: "ನಗಬೇಡಿ ಭಾವ. ನಿಮ್ಮ ಮನೆ ಅಟ್ಟದ ಮೇಲೆ ಏನೇನಿದೆ ಅಂತ ನಿಮಗೆ ಗೊತ್ತಾ?"

ಗೊತ್ತಿಲ್ಲ. ಒಂದು ವಿಸಿಆರ್ ಇದೆ ಅನ್ನೋ ಅನುಮಾನ ಇದೆ.

ಆಮೇಲೆ ಫೋನ್ ಮಾಡಿ ಕೇಳಿದೆ, ಅಲ್ಲಯ್ಯಾ, ಎಷ್ಟು ವರ್ಷ ಆದಮೇಲೆ ವಿಮಾನವನ್ನ ರಿಟೈರ್ ಮಾಡ್ತಾರೆ? ಇಪ್ಪತ್ತಾ, ಮೂವತ್ತಾ? ಅವನು ಅಂದ: "ವರ್ಷ ಕೇಳಬೇಡಿ ಭಾವ. ಎಷ್ಟು ಸೈಕಲ್ ಆಗಿದೆ ಅಂತ ಕೇಳಿ."

ಸೈಕಲ್ ಅಂದರೆ ನಾವು ತುಳಿಯೋದಲ್ಲ. ಒಂದು ಸಲ ಹಾರಿ, ಒಂದು ಸಲ ಇಳಿದರೆ ಒಂದು ಸೈಕಲ್. ಬೆಂಗಳೂರಿನಿಂದ ಮಂಗಳೂರಿಗೆ ಮುಕ್ಕಾಲು ಗಂಟೆ ಹಾರಿದರೂ ಒಂದೇ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ಗಂಟೆ ಹಾರಿದರೂ ಒಂದೇ. ಲೋಹಕ್ಕೆ ದಣಿವಾಗೋದು ದೂರದಿಂದಲ್ಲ, ಉಬ್ಬಿ ಇಳಿಯೋದರಿಂದ. ಮೂವತ್ತು ಮೂವತ್ತೈದು ಸಾವಿರ ಅಡಿ ಮೇಲೆ ಹೊರಗಿನ ಗಾಳಿ ಉಸಿರಾಡಲಿಕ್ಕೆ ಸಾಲದು. ಹಾಗಾಗಿ ಒಳಗೆ ಗಾಳಿ ತುಂಬಿ, ಹೆಚ್ಚೆಂದರೆ ಎಂಟು ಸಾವಿರ ಅಡಿ ಎತ್ತರದಲ್ಲಿದ್ದಷ್ಟು ಒತ್ತಡ ಕಾಪಾಡುತ್ತಾರೆ. ಊಟಿಗಿಂತ ಸ್ವಲ್ಪ ಮೇಲೆ ಅಂದುಕೊಳ್ಳಿ. ಮೇಲೆ ಹೋದಾಗ ವಿಮಾನದ ಮೈ ಪೂರಿಯ ಹಾಗೆ ಒಂಚೂರು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಕಣ್ಣಿಗೆ ಕಾಣುವಷ್ಟೇನಲ್ಲ. ಆದರೆ ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಇದ್ದರೆ ಯಾವಾಗಲೋ ಒಂದು ಸಲ ಟಪಕ್ ಅಂತ ಮುರಿಯುತ್ತದಲ್ಲ, ಅದೇ ಕತೆ ಇಲ್ಲೂ.

ಈ ಪಾಠ ವಿಮಾನದವರಿಗೆ ಪುಕ್ಕಟೆ ಸಿಗಲಿಲ್ಲ. ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ ಬ್ರಿಟನ್ನಿನ ಕಾಮೆಟ್. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಇಟಲಿಯ ಹತ್ತಿರದ ಸಮುದ್ರದ ಮೇಲೆ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದುಹೋದವು. ಕಾರಣ ಹುಡುಕಲು ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇನ್ನೊಂದು ಕಾಮೆಟನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಒಳಗೆ ನೀರು ಒತ್ತಿ ಉಬ್ಬಿಸೋದು, ಬಿಡೋದು. ಮತ್ತೆ ಉಬ್ಬಿಸೋದು, ಬಿಡೋದು. ಹಗಲೂ ರಾತ್ರಿ ಇದೇ ಕೆಲಸ. ಅದು ನಿಜವಾಗಿ ಹಾರಿದ್ದೂ ತೊಟ್ಟಿಯಲ್ಲಿ ಉಬ್ಬಿದ್ದೂ ಸೇರಿ 3,057ನೇ ಸೈಕಲ್‌ಗೆ ಮೈ ಸೀಳಿತು. ಮೂರು ಸಾವಿರ! ಇವತ್ತು ದಿನಕ್ಕೆ ಆರು ಸಲ ಹಾರುವ ವಿಮಾನ ಒಂದೂವರೆ ವರ್ಷದೊಳಗೆ ಅಷ್ಟು ಮುಗಿಸಿರುತ್ತದೆ.

ಅಲ್ಲಿಂದ ಲೋಹದ ಲೆಕ್ಕ ಗಟ್ಟಿಯಾಯಿತು. 737 ಮಾಡಿದಾಗ ಬೋಯಿಂಗ್ ಇಟ್ಟುಕೊಂಡ ಗುರಿ 75,000 ಸೈಕಲ್. ದೂರ ಹೋಗುವ 747ಕ್ಕೆ 20,000. ದೊಡ್ಡದಕ್ಕೆ ಯಾಕೆ ಕಡಿಮೆ ಅಂತ ನಾನೂ ಕೇಳಿದೆ. "ಅದು ದಿನಕ್ಕೆ ಒಂದೋ ಎರಡೋ ಸಲ ತಾನೇ ಏಳೋದು ಭಾವ. ಇದು ಸಿಟಿ ಬಸ್ಸು, ಅದು ರಾತ್ರಿ ಸ್ಲೀಪರ್ ಕೋಚು."

ಸಿಟಿ ಬಸ್ಸಿನ ಬಾಳು ಹೇಗಿರುತ್ತದೆ ಅಂತ ತೋರಿಸಿದ್ದು ಹವಾಯಿಯ ಒಂದು 737. ಅಲೋಹಾ ಏರ್‌ಲೈನ್ಸ್‌ನದು, ವಿಟಿ-ಇಎಚ್‌ಎಚ್ ಥರವೇ 200ರ ಮಾದರಿ. 1988ರ ಏಪ್ರಿಲ್ 28. ಆಗ ಅದಕ್ಕೆ 19 ವರ್ಷ, ಹಾರಿದ್ದು 35,496 ಗಂಟೆ. ಗಂಟೆ ಲೆಕ್ಕದಲ್ಲಿ ತೀರಾ ಜಾಸ್ತಿಯೇನಲ್ಲ. ಸೈಕಲ್ ಮಾತ್ರ 89,680. ಭಾಗಿಸಿ ನೋಡಿ: ಒಂದು ಹಾರಾಟಕ್ಕೆ ಸರಾಸರಿ ಇಪ್ಪತ್ತನಾಲ್ಕು ನಿಮಿಷವೂ ಇಲ್ಲ. ದ್ವೀಪದಿಂದ ದ್ವೀಪಕ್ಕೆ, ಉಪ್ಪು ಗಾಳಿಯಲ್ಲಿ, ಉಬ್ಬು ಇಳಿ, ಉಬ್ಬು ಇಳಿ. ಆ ದಿನ ಹೀಲೋದಿಂದ ಹೊನೊಲುಲುಗೆ ಹೊರಟು 24,000 ಅಡಿ ಮುಟ್ಟಿದಾಗ ಮುಂಭಾಗದ ಚಾವಣಿ ಡಬ್ಬಿ ಮುಚ್ಚಳದ ಹಾಗೆ ಕಿತ್ತುಹೋಯಿತು. ಪ್ರಯಾಣಿಕರು ಬೆಲ್ಟ್ ಕಟ್ಟಿಕೊಂಡು ತೆರೆದ ಆಕಾಶದ ಕೆಳಗೆ ಕೂತಿದ್ದರು. ನಡುದಾರಿಯಲ್ಲಿ ನಿಂತಿದ್ದ ಗಗನಸಖಿ ಕ್ಲಾರಾಬೆಲ್ ಲ್ಯಾನ್ಸಿಂಗ್ ಗಾಳಿಗೆ ಸಿಕ್ಕಿ ಹೊರಗೆ ಹೋದರು. ವಿಮಾನದಲ್ಲಿದ್ದ 95 ಮಂದಿಯಲ್ಲಿ ಸತ್ತದ್ದು ಅವರೊಬ್ಬರೇ. ಪೈಲಟ್‌ಗಳು ಆ ಸ್ಥಿತಿಯಲ್ಲೇ ಮಾವಿ ದ್ವೀಪದ ಕಹುಲುಯಿಯಲ್ಲಿ ಇಳಿಸಿದರು.

ತನಿಖೆಯಲ್ಲಿ ಗೊತ್ತಾದ ಒಂದು ಸಣ್ಣ ಸಂಗತಿ ನನ್ನನ್ನು ಬಿಡುತ್ತಿಲ್ಲ. ಹತ್ತುವಾಗಲೇ ಒಬ್ಬ ಪ್ರಯಾಣಿಕಳು ಬಾಗಿಲ ಪಕ್ಕ, ತಗಡು ಜೋಡಿಸುವ ರಿವೆಟ್ ಮೊಳೆಗಳ ಸಾಲಿನಲ್ಲಿ ಉದ್ದಕ್ಕೆ ಒಂದು ಬಿರುಕು ನೋಡಿದ್ದಳು. ಯಾರಿಗೂ ಹೇಳಲಿಲ್ಲ. ಇದನ್ನು ಓದಿದ ಮೇಲೆ ನಾನೂ ವಿಮಾನ ಹತ್ತುವಾಗ ಬಾಗಿಲ ಪಕ್ಕದ ರಿವೆಟ್ ನೋಡುತ್ತೇನೆ. ಹಿಂದೆ ನಿಂತವರು ಮುಂದೆ ಹೋಗ್ರೀ ಅಂತಾರೆ. ಹೇಳುವಂಥದ್ದೇನೂ ಇದುವರೆಗೆ ಕಂಡಿಲ್ಲ.

ಅಲೋಹಾ ಆದಮೇಲೆ ಹಳೆ ವಿಮಾನಗಳಿಗೆ ಬೇರೆಯೇ ತಪಾಸಣೆ ಬಂತು, ಇಷ್ಟು ಸೈಕಲ್ ದಾಟಿದರೆ ಹಾರುವ ಹಾಗೇ ಇಲ್ಲ ಅನ್ನೋ ಮಿತಿಯೂ ಬಂತು. ಹಾಗಾದರೆ ವಿಮಾನಗಳು ಆ ಮಿತಿ ಮುಟ್ಟಿ ನಿವೃತ್ತಿ ಆಗುತ್ತವೆ ಅಂತ ನಾನು ಅಂದುಕೊಂಡೆ. ಬಾಮೈದ ನಕ್ಕ. ಅವನು ಕಂಡ ಹಾಗೆ, ಸುಸ್ತಾಗಿ ರಿಟೈರ್ ಆಗೋ ವಿಮಾನಕ್ಕಿಂತ ಲೆಕ್ಕ ಕೈಕೊಟ್ಟು ರಿಟೈರ್ ಆಗೋದೇ ಜಾಸ್ತಿ.

ಇದು ನನಗೆ ಅರ್ಥವಾಗಿದ್ದು ನಮ್ಮಪ್ಪನ ಮಾರುತಿ 800 ನೆನಪಾದಾಗ. ಅಪ್ಪ ಅದನ್ನು ಕೊಟ್ಟುಬಿಟ್ಟಿದ್ದು ಕೆಟ್ಟು ನಿಂತಿದ್ದಕ್ಕಲ್ಲ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಆದರೆ 15 ವರ್ಷ ತುಂಬಿತ್ತು, ಎಫ್‌ಸಿ ಮಾಡಿಸಬೇಕಿತ್ತು. ಅದಕ್ಕೆ ಮೊದಲು ಟಿಂಕರಿಂಗು, ಪೇಂಟು, ನಾಲ್ಕು ಟೈರು, ಜೊತೆಗೆ ಟ್ಯಾಕ್ಸು. ಗ್ಯಾರೇಜಿನವನು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಟ್ಟ ಲೆಕ್ಕ 38,000. ಕಾರು ಮಾರಿದರೆ ಬರೋದು 30,000. ಅಪ್ಪ ಆ ಹಾಳೆಯನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಮೂರನೇ ದಿನ ಕಾರು ಹೋಯಿತು.

ವಿಮಾನಕ್ಕೂ ಎಫ್‌ಸಿಯ ಅಪ್ಪನಂಥದ್ದು ಒಂದಿದೆ, ಡಿ ಚೆಕ್. ಹ್ಯಾಂಗರ್‌ನಲ್ಲಿ ಹೆವಿ ಚೆಕ್ ಅಂತಾರೆ. ಆರರಿಂದ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಸೀಟು, ಅಡುಗೆ ಮೂಲೆ, ಶೌಚಾಲಯ, ಒಳಗಿನ ಗೋಡೆ, ನೆಲ, ಎಲ್ಲ ಕಿತ್ತು ವಿಮಾನವನ್ನು ಬರೀ ಅಸ್ಥಿಪಂಜರ ಮಾಡುತ್ತಾರೆ. ಬಣ್ಣವನ್ನೂ ಕೆರೆಯೋದುಂಟು. ತುಕ್ಕು ಹುಡುಕುತ್ತಾರೆ, ಬಿರುಕು ಹುಡುಕುತ್ತಾರೆ. ಶೌಚಾಲಯದ ಕೆಳಗಿನ ನೆಲದಲ್ಲಿ ಏನು ಸಿಗುತ್ತದೆ ಅಂತ ಊಟದ ಹೊತ್ತಿನಲ್ಲಿ ಕೇಳಬಾರದು, ಅವನು ಹೇಳಿಬಿಡುತ್ತಾನೆ. 747ರಂಥ ದೊಡ್ಡದಕ್ಕೆ ಹತ್ತಾರು ಸಾವಿರ ಆಳು-ಗಂಟೆಯ ಕೆಲಸ, ತಿಂಗಳುಗಟ್ಟಲೆ ಹ್ಯಾಂಗರ್, ಕೋಟಿಗಟ್ಟಲೆ ಖರ್ಚು. ಮೊದಲ ಚೆಕ್ ಹೇಗೋ ಆಗುತ್ತದೆ. ಮೂರನೆಯದೋ ನಾಲ್ಕನೆಯದೋ ಹತ್ತಿರ ಬಂದಾಗ ಯಾರೋ ಒಬ್ಬರು ಅಪ್ಪನ ಹಾಗೆ ಹಾಳೆ ಹಿಡಿದು ಕೂರುತ್ತಾರೆ. ವಿಮಾನ ಕೊನೆಯ ಸಲ ಇಳಿಯುವ ತಾರೀಕು ಬಹಳ ಸಲ ಈ ಚೆಕ್‌ನ ತಾರೀಕಿಗಿಂತ ಸ್ವಲ್ಪ ಮೊದಲು ಇರೋದು ಅದಕ್ಕೇ.

ಹಾಳೆಯ ಇನ್ನೊಂದು ಕಡೆ ಇಂಧನ. ನಾನು ಬೆಳೆದದ್ದು ಮುರುಗೇಶಪಾಳ್ಯದಲ್ಲಿ, ಹಳೆ ಏರ್‌ಪೋರ್ಟ್ ಪಕ್ಕ. ಆಗ ಅದು ಹಳೆಯದಾಗಿರಲಿಲ್ಲ. ಇಂಡಿಯನ್ ಏರ್‌ಲೈನ್ಸ್‌ನ 737-200 ಎದ್ದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅಮ್ಮ ವಾಕ್ಯದ ಅರ್ಧದಲ್ಲಿ ನಿಲ್ಲಿಸಿ, ಸದ್ದು ಹೋದಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದಳು. ಪಾತ್ರೆ ಕಪಾಟು ಝಲ್ ಅನ್ನುತ್ತಿತ್ತು. ಆ ಎಂಜಿನ್ನು ಬೀಡಿಯ ಹಾಗೆ, ಸಣ್ಣಗೆ ಉದ್ದಕ್ಕೆ ಇರುತ್ತಿತ್ತು. ಬೆಂಕಿಯ ಒಳಗೆ ಹೋಗುವ ಗಾಳಿ ಒಂದು ಪಾಲಾದರೆ, ಸುತ್ತಿ ಹೊರಗಿನಿಂದ ಹೋಗೋದೂ ಹೆಚ್ಚುಕಡಿಮೆ ಒಂದೇ ಪಾಲು. ಈಗಿನ ಏರ್‌ಬಸ್ ಎ320ನಿಯೋ ವಿಮಾನದ ಎಂಜಿನ್ನಿನಲ್ಲಿ ಹೊರಗಿನಿಂದ ಹೋಗೋದು ಹನ್ನೊಂದು ಹನ್ನೆರಡು ಪಾಲು. ಜಾಸ್ತಿ ಗಾಳಿಯನ್ನು ನಿಧಾನಕ್ಕೆ ತಳ್ಳಿದರೆ ಎಣ್ಣೆಯೂ ಕಡಿಮೆ, ಸದ್ದೂ ಕಡಿಮೆ. ಹಳೆಯ ವಿಮಾನ ಮುದಿಯಾಗದೇ ಇದ್ದರೂ, ಪಕ್ಕದಲ್ಲಿ ಹೊಸದು ಬಂದು ನಿಂತ ದಿನವೇ ಅದು ದುಬಾರಿ. ಏರ್ ಇಂಡಿಯಾದ ಜಂಬೋಗಳಿಗೂ, ಅಂದರೆ 747ಗಳಿಗೂ, ಆಗಿದ್ದು ಇದೇ. ಗಂಟೆಗೆ 10 ಟನ್ನಿನ ಮೇಲೆ ಎಣ್ಣೆ ಕುಡಿಯುವ ನಾಲ್ಕು ಎಂಜಿನ್ ವಿಮಾನದ ಕೆಲಸವನ್ನು ಎರಡೇ ಎಂಜಿನ್ನಿನ 777 ಮಾಡತೊಡಗಿತು.

ಜಂಬೋ ಅಂದಮೇಲೆ ಒಂದು ಮಾತು ಹೇಳದೆ ಇರೋಕಾಗಲ್ಲ. 1971ರಲ್ಲಿ ಬಂದ ಮೊದಲನೆಯದರ ಹೆಸರು ಎಂಪರರ್ ಅಶೋಕ. ಕಿಟಕಿಗಳ ಸುತ್ತ ರಾಜಸ್ಥಾನದ ಅರಮನೆಯ ಝರೋಕಾ ಚಿತ್ರ ಬರೆಸಿದ್ದರು. ಆಮೇಲೆ ಬಹಳ ಕಾಲ ಒಂದೊಂದಕ್ಕೂ ಒಬ್ಬೊಬ್ಬ ಚಕ್ರವರ್ತಿಯ ಹೆಸರು. ನಮ್ಮ ಕೃಷ್ಣದೇವರಾಯನ ಹೆಸರಿನದೂ ಒಂದಿತ್ತು. ಹಂಪಿಯ ದೊರೆ ನ್ಯೂಯಾರ್ಕ್, ಲಂಡನ್ ಅಂತ ಓಡಾಡಿಕೊಂಡಿದ್ದ ಅನ್ನೋದು ಗೊತ್ತಾದಾಗ ನನಗೆ ಸುಮ್ನೆ ಖುಷಿಯಾಗಿತ್ತು. ಕಡೆಗೆ ಉಳಿದವು 747-400ಗಳು. 2020ರ ಜನವರಿ ಕೊನೆಯಲ್ಲಿ ವುಹಾನ್‌ಗೆ ಹೋಗಿ 324 ಭಾರತೀಯರನ್ನು ಕರೆತಂದದ್ದು ಅಂಥದ್ದೇ ಜಂಬೋ. 2024ರ ಏಪ್ರಿಲ್ 22ರಂದು 'ಆಗ್ರಾ' ಹೆಸರಿನ ವಿಮಾನ ಮುಂಬೈ ಬಿಟ್ಟಿತು. ಎದ್ದ ಕೂಡಲೇ ರೆಕ್ಕೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿಸಿತು. ಬೀಳ್ಕೊಡುಗೆಯ ಕೈಬೀಸು ಅದು. ಹೊರಟಿದ್ದು ಅಮೆರಿಕಕ್ಕೆ, ಬಿಚ್ಚಿಸಿಕೊಳ್ಳಲಿಕ್ಕೆ. ಆಸ್ಟ್ರೇಲಿಯಾದ ಕ್ವಾಂಟಾಸ್‌ನವರು 2020ರ ಜುಲೈನಲ್ಲಿ ಕೊನೆಯ ಜಂಬೋ ಕಳಿಸುವಾಗ ಆಕಾಶದಲ್ಲಿ ಕಾಂಗರೂ ಆಕಾರದ ದಾರಿ ಹಿಡಿದು ಹಾರಿದ್ದರು. ಲೆಕ್ಕದ ಹಾಳೆ ಹಿಡಿದವರಿಗೂ ಕಳಿಸಿಕೊಡುವಾಗ ಕೈ ನಡುಗುತ್ತದೆ ಅಂತ ಕಾಣುತ್ತದೆ.

ಲೆಕ್ಕ ಎಷ್ಟು ವಿಚಿತ್ರ ಅನ್ನೋದಕ್ಕೆ ಏರ್‌ಬಸ್‌ನ ದೈತ್ಯ ವಿಮಾನ ಎ380 ನೋಡಿ. 2007ರ ಅಕ್ಟೋಬರ್‌ನಲ್ಲಿ ಸಿಂಗಪುರದಿಂದ ಸಿಡ್ನಿಗೆ ಮೊತ್ತಮೊದಲ ಪ್ರಯಾಣಿಕರನ್ನು ಹೊತ್ತ ಎ380, ಹತ್ತು ವರ್ಷದ ಗುತ್ತಿಗೆ ಮುಗಿದು ವಾಪಸಾಯಿತು. ಅಷ್ಟು ದೊಡ್ಡದನ್ನು ಬಾಡಿಗೆಗೆ ತಗೊಳ್ಳೋರು ಸಿಗಲಿಲ್ಲ. ಫ್ರಾನ್ಸಿನ ತಾರ್ಬ್‌ನಲ್ಲಿ ಅದನ್ನು ಬಿಚ್ಚಿಹಾಕಿದರು. ಲೋಹದ ಆಯಸ್ಸು ಇನ್ನೂ ಬೇಕಾದಷ್ಟು ಉಳಿದಿತ್ತು. ಇತ್ತೀಚೆಗಂತೂ ಹತ್ತು ವರ್ಷ ತುಂಬದ ಎ320ನಿಯೋ ಕುಟುಂಬದ ವಿಮಾನಗಳನ್ನೂ ಬಿಚ್ಚಿದ್ದಾರೆ. ಯಾಕೆಂದರೆ ಒಂದು ಜಾತಿಯ ಹೊಸ ಎಂಜಿನ್ನಿನ ಭಾಗಗಳಲ್ಲಿ ದೋಷ ಸಿಕ್ಕಿ ಜಗತ್ತಿನಾದ್ಯಂತ ವಿಮಾನಗಳು ನೆಲ ಹಿಡಿದವು, ಬದಲಿ ಎಂಜಿನ್ನಿಗೆ ಹಾಹಾಕಾರ. ಇಡೀ ವಿಮಾನಕ್ಕಿಂತ ಅದರ ಎರಡು ಎಂಜಿನ್ನಿಗೇ ಬೆಲೆ ಜಾಸ್ತಿಯಾದರೆ ಮಾಲೀಕ ಏನು ಮಾಡುತ್ತಾನೆ ಹೇಳಿ? ತೆಂಗಿನಕಾಯಿ ಬೆಲೆ ಏರಿತು ಅಂತ ಫಲ ಬಿಡೋ ಮರವನ್ನೇ ಕಡಿದ ಹಾಗೆ ನನಗೆ ಕಾಣುತ್ತದೆ. ಬಾಮೈದ ಒಪ್ಪಲ್ಲ. "ಆ ಎಂಜಿನ್ನು ಇನ್ನೊಂದು ವಿಮಾನವನ್ನ ಎಬ್ಬಿಸ್ತು ತಾನೇ?" ಅಂತಾನೆ.

ಅತ್ತ ಕೆನಡಾದ ಉತ್ತರದಲ್ಲಿ ನೊಲಿನಾರ್ ಅನ್ನೋ ಸಂಸ್ಥೆ 1970ರ ದಶಕದ 737-200ಗಳನ್ನು ಮೊನ್ನೆ ಮೊನ್ನೆಯವರೆಗೂ ಮುದ್ದಿನಿಂದ ಹಾರಿಸಿಕೊಂಡು ಬಂದಿದೆ. ಅಲ್ಲಿನ ಗಣಿ ಊರುಗಳಲ್ಲಿ ಜಲ್ಲಿ ಹಾಸಿದ ರನ್‌ವೇ. ಹೊಸ ವಿಮಾನಗಳ ದಪ್ಪ ಎಂಜಿನ್ನು ನೆಲಕ್ಕೆ ತಾಗುವಷ್ಟು ಕೆಳಗೆ ನೇತಾಡುತ್ತದೆ, ಕಲ್ಲು ನುಂಗಿಬಿಡುತ್ತದೆ. ಆ ಬೀಡಿ ಎಂಜಿನ್ನು ರೆಕ್ಕೆಗೆ ಅಂಟಿಕೊಂಡು ಮೇಲಿರುತ್ತದೆ. ಮುಂದಿನ ಚಕ್ರಕ್ಕೆ ಕಲ್ಲು ಸಿಡಿಯದ ಹಾಗೆ ಒಂದು ಅಡ್ಡಹಲಗೆ, ಎಂಜಿನ್ನಿನ ಮುಂದೆ ಗಾಳಿ ಊದುವ ಸಣ್ಣ ಕೊಳವೆ. ಇಷ್ಟಿದ್ದರೆ ಸಾಕು. ಅಮ್ಮನ ಮಾತು ನಿಲ್ಲಿಸುತ್ತಿದ್ದ ಅದೇ ಎಂಜಿನ್ನು. ಕೋಲ್ಕತ್ತಾದಲ್ಲಿ ಯಾರಿಗೂ ಬೇಡವಾದದ್ದು ಅಲ್ಲಿ ಚಿನ್ನ.

ಬಿಚ್ಚೋದಕ್ಕೂ ಕ್ರಮ ಇದೆ. ಗುಜರಿಯವನ ಹಾಗೆ ಸುತ್ತಿಗೆ ಹಿಡಿದು ನುಗ್ಗೋದಲ್ಲ. ಮೊದಲು ಎಂಜಿನ್ನು. ಆಮೇಲೆ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ನು ಎಪಿಯು, ಲ್ಯಾಂಡಿಂಗ್ ಗೇರು, ಕಾಕ್‌ಪಿಟ್ಟಿನ ಪೆಟ್ಟಿಗೆಗಳು, ಪಂಪು, ವಾಲ್ವು. ಒಂದೊಂದಕ್ಕೂ ಚೀಟಿ ಕಟ್ಟುತ್ತಾರೆ. ಅಲ್ಲಿಯವರೆಗೆ ನಿಲ್ಲಿಸಿಡೋಕೆ ಒಣ ಹವೆಯ ಊರಾದರೆ ಒಳ್ಳೇದು, ತುಕ್ಕು ಹಿಡಿಯಬಾರದಲ್ಲ. ಅದಕ್ಕೇ ಅರಿಜೋನಾದ ಮರಾನಾ, ಕ್ಯಾಲಿಫೋರ್ನಿಯಾದ ಮೊಹಾವಿ, ಸ್ಪೇನಿನ ತೆರುವೆಲ್, ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಮರುಭೂಮಿಯಂಥ ಜಾಗಗಳಲ್ಲಿ ವಿಮಾನಗಳು ಸಾಲುಗಟ್ಟಿ ನಿಂತಿರೋದು. ಕೋಲ್ಕತ್ತಾದ ಹವೆಯಲ್ಲಿ 13 ವರ್ಷ ನಿಂತದ್ದರ ಕತೆ ಊಹಿಸಿಕೊಳ್ಳಿ.

ಆದರೆ ಬಿಡಿಭಾಗಕ್ಕಿಂತ ಮುಖ್ಯ ಅದರ ಕಾಗದ. ಇದನ್ನು ಬಾಮೈದ ಮೂರು ಸಲ ಒತ್ತಿ ಹೇಳಿದ. ಹುಟ್ಟಿದ ದಿನದಿಂದ ಯಾವ ವಿಮಾನದಲ್ಲಿತ್ತು, ಎಷ್ಟು ಗಂಟೆ, ಎಷ್ಟು ಸೈಕಲ್, ಯಾರು ಬಿಚ್ಚಿದರು, ಯಾರು ಸಹಿ ಹಾಕಿದರು, ಪೂರ್ತಿ ಜಾತಕ ಇರಬೇಕು. ಜಾತಕ ಇದ್ದರೆ ಲಕ್ಷ, ಇಲ್ಲದಿದ್ದರೆ ಕೆಜಿ ಲೆಕ್ಕದ ಗುಜರಿ. 2023ರಲ್ಲಿ ಲಂಡನ್ನಿನ ಎಒಜಿ ಟೆಕ್ನಿಕ್ಸ್ ಅನ್ನೋ ಕಂಪನಿ ಸುಳ್ಳು ಕಾಗದ ಹಚ್ಚಿ ಎಂಜಿನ್ ಭಾಗಗಳನ್ನು ಮಾರಿದ್ದು ಬಯಲಾಗಿ, ಹಲವು ದೇಶಗಳ ಏರ್‌ಲೈನ್‌ಗಳು ತಮ್ಮ ಎಂಜಿನ್ ತೆರೆದು ನೋಡಬೇಕಾಯಿತು.

ಬೆಲೆಬಾಳುವುದೆಲ್ಲ ಹೋದಮೇಲೆ ಉಳಿಯೋದು ಅಲ್ಯೂಮಿನಿಯಂ ಚಿಪ್ಪು. ಅದನ್ನು ಯಂತ್ರದ ದವಡೆ ಕಚ್ಚಿ ಕತ್ತರಿಸುತ್ತದೆ. ಮೈಯ ಸಣ್ಣ ಸಣ್ಣ ತುಂಡನ್ನು ಕೀಚೈನ್ ಮಾಡಿ ಮಾರುವವರೂ ಇದ್ದಾರೆ. ಕೃಷ್ಣದೇವರಾಯನ ಒಂದು ತುಂಡು ಸಿಕ್ಕರೆ ನಾನಂತೂ ತಗೊಳ್ಳುತ್ತಿದ್ದೆ.

ಲೆಕ್ಕ ಹಾಕೋಕೆ ಯಾರೂ ಇಲ್ಲದಿದ್ದರೆ ವಿಮಾನದ ಗತಿ ಇನ್ನೂ ಕಷ್ಟ. 2012ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ನಿಂತಾಗ ಹೀಗೇ ಆಯಿತು. ಅದರ ಮಾಲೀಕ ವಿಜಯ್ ಮಲ್ಯರ ಸ್ವಂತ ಎ319 ವಿಮಾನ ಮುಂಬೈನಲ್ಲಿ ವರ್ಷಗಟ್ಟಲೆ ಜಾಗ ಹಿಡಿದು ಕೂತಿತ್ತು. ಹರಾಜಿನ ಮೇಲೆ ಹರಾಜು ಬಿದ್ದುಹೋಗಿ 2018ರಲ್ಲಷ್ಟೇ ಮಾರಾಟವಾಯಿತು. ಸಾಲ ಕೊಟ್ಟವರು, ಕೋರ್ಟು, ತೆರಿಗೆ ಇಲಾಖೆ ಇಷ್ಟು ಜನ ಕಾದು ನಿಂತಿರುವಾಗ ವಿಮಾನ ಹಾರೋಕೂ ಆಗಲ್ಲ, ಸಾಯೋಕೂ ಆಗಲ್ಲ.

ವಿಟಿ-ಇಎಚ್‌ಎಚ್ ಪುಣ್ಯವಂತ. ಅದನ್ನು ಬೆಂಗಳೂರಿಗೆ ತರಿಸಿದ್ದು ಗುಜರಿಗಲ್ಲ, ವಿಮಾನ ರಿಪೇರಿ ಕಲಿಯುವ ಹುಡುಗರ ತರಬೇತಿಗೆ. ಹಾಗಂತ ಓದಿ ಬಾಮೈದನಿಗೆ ಮತ್ತೆ ಫೋನ್ ಮಾಡಿದೆ. ಅವನೂ ಕಲಿತದ್ದು ಅಂಥದ್ದೇ ಒಂದು ಹಾರದ ವಿಮಾನದ ಮೇಲಂತೆ. ಒಂದೇ ಪ್ಯಾನೆಲ್ಲನ್ನು ಬಿಚ್ಚೋದು, ಒಳಗೆ ಟಾರ್ಚ್ ಬಿಟ್ಟು ನೋಡೋದು, ಮತ್ತೆ ಸ್ಕ್ರೂ ಹಾಕಿ ಮುಚ್ಚೋದು, ಪುಸ್ತಕದಲ್ಲಿ ಬರೆದು ಸಹಿ ಹಾಕೋದು. ಮಾರನೇ ದಿನ ಇನ್ನೊಂದು ಬ್ಯಾಚು ಬಂದು ಅದೇ ಪ್ಯಾನೆಲ್ ಬಿಚ್ಚುತ್ತಿತ್ತು.

"ಆ ಸ್ಕ್ರೂಗಳ ತಲೆಯೆಲ್ಲ ಸವೆದು ನುಣ್ಣಗಾಗಿತ್ತು ಭಾವ," ಅಂದ. "ಸ್ಕ್ರೂಡ್ರೈವರ್ ಕೂರ್ತಾನೇ ಇರಲಿಲ್ಲ. ಅದನ್ನ ಹೇಗೆ ತೆಗೀಬೇಕು ಅನ್ನೋದನ್ನೇ ಮೊದಲು ಕಲಿತಿದ್ದು."